ಎಲೆಗಾಗಿ ಬಾಳೆ

ಅಮೆರಿಕದ ಸಿಯಾಟಲ್ ಬಳಿಯ ಕೆಂಟ್ ಪಟ್ಟಣದ ಈಸ್ಟ್ ಹಿಲ್ ಬಡಾವಣೆಗಳಲ್ಲಿ ಆಗಸ್ಟ್ ತಿಂಗಳ ಸಂಜೆ ಒಂದು ಸುತ್ತು ತಿರುಗಿ ಬಂದರೆ, ಮರದ ಬೇಲಿಯ ಮೇಲಿಂದ ಬಾಳೆಎಲೆ ಇಣುಕುವ ಮನೆಗಳು ಎಷ್ಟೋ ಸಿಗುತ್ತವೆ. ವಿಯೆಟ್ನಾಮಿನವರ ಹಿತ್ತಲಲ್ಲಿದೆ, ಪಂಜಾಬಿಗಳ ಮನೆಯ ಮುಂದಿದೆ, ಫಿಲಿಪ್ಪೀನ್ಸಿನವರ ಗ್ಯಾರೇಜಿನ ಪಕ್ಕದಲ್ಲಿದೆ, ಗುಲಾಬಿ ಬೆಳೆಸುವ ಬಿಳಿಯರ ಅಂಗಳದಲ್ಲೂ ಇದೆ. ನಾನು ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದದ್ದು 1998ರಲ್ಲಿ. ಆಗ ಈ ಗುಡ್ಡದ ಮೇಲೆ ಒಂದೇ ಒಂದು ಬಾಳೆಗಿಡ ಕಂಡ ನೆನಪಿಲ್ಲ. ಬಿಸಿನಾಡಿನ ಗಿಡ ನೋಡಬೇಕೆಂದರೆ ಸಿಯಾಟಲ್‌ನ ವಾಲಂಟಿಯರ್ ಪಾರ್ಕಿನಲ್ಲಿ 1912ರಲ್ಲಿ ಕಟ್ಟಿದ ಗಾಜಿನ ಮನೆಗೆ ಹೋಗಿ ಎಂದು ಆಫೀಸಿನವರು ಹೇಳಿದ್ದರು. ಅಂದಿನಿಂದ ಇಂದಿಗೆ ಹವೆಯೂ ಒಂದಿಷ್ಟು ಬದಲಾಗಿದೆ, ನಿಜ. ಆದರೆ ಹೆಚ್ಚು ಬದಲಾದದ್ದು ಇಲ್ಲಿ ವಾಸಿಸುವ ಜನ, ಅವರು ಬಾಳೆಯಿಂದ ಏನು ಬಯಸುತ್ತಾರೆ ಎಂಬುದು.

ಹವೆಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಕೆಂಟ್ 47ನೇ ಅಕ್ಷಾಂಶದ ಊರು. ನಮ್ಮ ಶಿರಸಿ 14 ದಾಟಿ ಸ್ವಲ್ಪ. ವರ್ಷದ ಮಳೆ ಇಲ್ಲಿ ಸುಮಾರು 1,000 ಮಿ.ಮೀ., ಶಿರಸಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಸಿಯಾಟಲ್ ಸೀಮೆ ಎಂದರೆ ಸದಾ ಮಳೆ, ಹಾಗಾದರೆ ಬಾಳೆ ಯಾಕೆ ಬರುವುದಿಲ್ಲ ಎಂದು ಊರಿನವರು ಕೇಳುತ್ತಾರೆ. ಮಳೆ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಊರಲ್ಲಿ ಮಳೆ ಹಿಡಿಯುವುದು ಸೆಖೆಯ ಬೆನ್ನಿಗೆ. ಮಣ್ಣು ಬೆಚ್ಚಗಿರುವಾಗಲೇ ನೀರೂ ಸಿಗುತ್ತದೆ. ಇಲ್ಲಿ ನವೆಂಬರಿನಲ್ಲಿ ಹಿಡಿದ ಜಿಟಿಜಿಟಿ ಮಾರ್ಚ್ ಕಳೆದರೂ ಬಿಡುವುದಿಲ್ಲ, ಜುಲೈ-ಆಗಸ್ಟ್ ಮಾತ್ರ ಬಹುತೇಕ ಒಣ. ಬಿಸಿಲು ಬಂದಾಗ ನೀರಿಲ್ಲ, ನೀರು ಬಂದಾಗ ಬಿಸಿಲಿಲ್ಲ. ಉಷ್ಣತೆ ಸುಮಾರು 14-16 ಡಿಗ್ರಿಗಿಂತ ಕೆಳಗಿಳಿದರೆ ಬಾಳೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಕೆಂಟಿನಲ್ಲಿ ಜುಲೈ ತಿಂಗಳ ರಾತ್ರಿಯೇ 13-14 ಡಿಗ್ರಿ. ಅಂದರೆ ನಡುಬೇಸಿಗೆಯಲ್ಲೂ ಗಿಡ ದುಡಿಯುವುದು ಹಗಲು ಮಾತ್ರ. ಚಳಿಗಾಲದಲ್ಲಿ ಎಲೆಯನ್ನು ಹಿಮ ಸುಡುತ್ತದೆ, ಗಡ್ಡೆಯನ್ನು ತಣ್ಣನೆಯ ನೀರು ಕೊಳೆಸುತ್ತದೆ. ನಾವು ಊರಲ್ಲಿ ತಿನ್ನುವ ಯಾವ ತಳಿಯೂ ಇಲ್ಲಿ ಹೊರಗಿನ ಮಣ್ಣಿನಲ್ಲಿ ಚಳಿಗಾಲ ಕಳೆಯಲಾರದು.

ನಾನು ಬೆಳೆದದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಬಾಳೆಯನ್ನು ಬೆಳೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಡಿಕೆ ಸಸಿಗೆ ನೆರಳಾಗಲಿ ಎಂದು ಸಾಲಿನ ನಡುವೆ ನೆಟ್ಟದ್ದು, ಸಸಿ ಮರವಾದ ಮೇಲೂ ಕಂದಿನಿಂದ ಕಂದಾಗಿ ತನ್ನ ಪಾಡಿಗೆ ತಾನು ಮುಂದುವರಿಯುತ್ತಿತ್ತು. ಕರಿಬಾಳೆ, ಮಿಟ್ಲಿ, ಏಲಕ್ಕಿಬಾಳೆ ಎಲ್ಲ ಒಂದೇ ತೋಟದಲ್ಲಿ. ಊಟದ ಹೊತ್ತಿಗೆ ಕತ್ತಿ ಹಿಡಿದು ತೋಟಕ್ಕಿಳಿದರೆ ಮನೆಮಂದಿಗೆಲ್ಲ ಎಲೆ ಸಿಗುತ್ತಿತ್ತು. ಕುಡಿಎಲೆ ದೇವರ ನೈವೇದ್ಯಕ್ಕೆ ಮತ್ತು ನೆಂಟರಿಗೆ. ಗೊನೆ ಕಡಿದ ದಿನ ದಿಂಡಿನ ಪಲ್ಯ, ಕುಂಡಿಗೆಯ ಪಲ್ಯ, ಉಳಿದ ಪಟ್ಟೆ ದನಕ್ಕೆ, ಒಣಗಿದ ನಾರು ಹೂ ಕಟ್ಟಲಿಕ್ಕೆ. ಹಣ್ಣು ಹೆಚ್ಚಾದ ವರ್ಷ ಒಣಗಿಸಿ ಸುಕೇಳಿ ಮಾಡುತ್ತಿದ್ದರು. ಇಷ್ಟೆಲ್ಲ ಕೊಡುವ ಗಿಡಕ್ಕೆ ನಾವು ಮಾಡುತ್ತಿದ್ದ ಉಪಚಾರ ಬಹಳ ಕಡಿಮೆ ಎಂದು ಆಗ ಅನಿಸುತ್ತಿತ್ತು. ನಿಜವಾಗಿ ಉಪಚಾರ ನಡೆಯುತ್ತಲೇ ಇತ್ತು, ಅಡಿಕೆಯ ಹೆಸರಿನಲ್ಲಿ. ಚಳಿಗಾಲ ಬಂತೆಂದರೆ ಹೆಂಗಸರು ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಿದ್ದರು. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಕೊನೆಗೆ ತೋಟದ ಬುಡಗಳಿಗೆ ಹೊದಿಕೆಯಾಗುತ್ತಿತ್ತು. ಅಡಿಕೆಗೆ ಹಾಕಿದ್ದರಲ್ಲಿ ಬಾಳೆಯೂ ಉಂಡು ಬದುಕುತ್ತಿತ್ತು.

ಅಲ್ಲಿಂದ ಬಂದವರಿಗೆ 1998ರ ಕೆಂಟಿನಲ್ಲಿ ಹಣ್ಣಿಗೇನೂ ಬರವಿರಲಿಲ್ಲ. ಅಮೆರಿಕದ ಯಾವ ಅಂಗಡಿಗೆ ಹೋದರೂ ಬಾಳೆಹಣ್ಣು ಇದ್ದೇ ಇರುತ್ತದೆ, ಅಗ್ಗದ ಹಣ್ಣೂ ಅದೇ. ಗ್ವಾಟೆಮಾಲಾ, ಈಕ್ವೆಡಾರ್ ಕಡೆಯಿಂದ ಹಸಿರು ಕಾಯಾಗಿ ಬಂದು, ಇಲ್ಲಿನ ಗೋದಾಮುಗಳಲ್ಲಿ ಎಥಿಲೀನ್ ಅನಿಲ ಹಾಯಿಸಿ ಹಣ್ಣಾಗಿಸಿದ ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗದ್ದು. ಎಲ್ಲ ಕಡೆಯೂ ಒಂದೇ ಉದ್ದ, ಒಂದೇ ರುಚಿ, 4011 ಎಂಬ ಅದೇ ಸಂಖ್ಯೆಯ ಚೀಟಿ. ಇಲ್ಲದ್ದು ಎಲೆ. ಹಬ್ಬದ ದಿನ ಭಾರತದ ದಿನಸಿ ಅಂಗಡಿಯಲ್ಲಿ ಸಿಗುವ, ಬಾಳೆಎಲೆಯ ಚಿತ್ರ ಅಚ್ಚು ಹಾಕಿದ ಕಾಗದದ ತಟ್ಟೆಯಲ್ಲಿ ಬಡಿಸುತ್ತಿದ್ದೆವು. ಸಾರು ಹಾಕಿದರೆ ಐದು ನಿಮಿಷಕ್ಕೆ ಚಿತ್ರ ಮೆತ್ತಗಾಗುತ್ತಿತ್ತು. 1999ರಲ್ಲಿ ಈಸ್ಟ್ ವ್ಯಾಲಿ ಹೆದ್ದಾರಿಯಲ್ಲಿ ಗ್ರೇಟ್ ವಾಲ್ ಮಾಲ್ ತೆರೆದು ಅಲ್ಲಿ 99 ರಾಂಚ್ ಅಂಗಡಿ ಬಂದ ಮೇಲೆ ಹಿಮಗಟ್ಟಿಸಿದ ಎಲೆಯ ಪೊಟ್ಟಣ ಸಲೀಸಾಗಿ ಸಿಗತೊಡಗಿತು. ದಂಟು ತೆಗೆದು, ಮಡಚಿ ಮಡಚಿ ಪ್ಲಾಸ್ಟಿಕ್ಕಿನಲ್ಲಿ ಒತ್ತಿಟ್ಟ ಎಲೆ. ಕರಗಿಸಿ ಬಿಚ್ಚಿದಾಗ ಮಡಿಕೆ ಇದ್ದಲ್ಲೆಲ್ಲ ಕಪ್ಪು ಗೆರೆ. ಕಡುಬು ಬೇಯಿಸಲಿಕ್ಕೆ ಆಗುತ್ತಿತ್ತು, ಊಟದ ಎಲೆಗೆ ಅಷ್ಟು ಒಗ್ಗುತ್ತಿರಲಿಲ್ಲ. ಊರಿಂದ ಕಂದು ತರುವ ಮಾತೇ ಇರಲಿಲ್ಲ. ಮಣ್ಣಂಟಿದ ಗಡ್ಡೆಯನ್ನು ವಿಮಾನನಿಲ್ದಾಣದ ತಪಾಸಣೆ ಬಿಡುವುದಿಲ್ಲ, ಬಿಡಲೂಬಾರದು. ಪನಾಮ ರೋಗದಂಥ ಸೊರಗುರೋಗಗಳು ದೇಶದಿಂದ ದೇಶಕ್ಕೆ ಹಬ್ಬಿದ್ದರಲ್ಲಿ ಇಂಥ ಕಂದುಗಳ ಪಾಲೂ ಇದೆ.

ಕೆಂಟಿನ ಮಣ್ಣಿನ ಕಥೆ ನನಗೆ ತಿಳಿದದ್ದು ನಿಧಾನವಾಗಿ. ಗುಡ್ಡದಿಂದ ಕೆಳಗೆ ನೋಡಿದರೆ ಗ್ರೀನ್ ನದಿಯ ಬಯಲು. ಈಗ ಅಲ್ಲಿ ಚಪ್ಪಟೆ ಚಾವಣಿಯ ಗೋದಾಮುಗಳು ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಒಂದು ಕಾಲಕ್ಕೆ ಅದು ಈ ಸೀಮೆಯ ಒಳ್ಳೆಯ ಬೇಸಾಯದ ನೆಲಗಳಲ್ಲಿ ಒಂದು. ಮೊದಲು ಬಿಯರಿಗೆ ಬೇಕಾದ ಹಾಪ್ಸ್ ಬಳ್ಳಿ, ಆಮೇಲೆ ಹೈನು. ಕಾರ್ನೇಶನ್ ಹಾಲಿನ ಡಬ್ಬಿಯ ಉದ್ಯಮ ಹುಟ್ಟಿದ್ದು 1899ರಲ್ಲಿ ಇದೇ ಕೆಂಟಿನಲ್ಲಿ. ಅದರ ನಂತರ ಲೆಟ್ಯೂಸ್ ಸೊಪ್ಪು. ಸೊಪ್ಪು-ತರಕಾರಿ ಬೆಳೆಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಜಪಾನಿ ಮೂಲದ ಕುಟುಂಬಗಳು. ಭೂಮಿ ಕೊಳ್ಳುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟಿರಲಿಲ್ಲವಾದ್ದರಿಂದ ಹೆಚ್ಚಿನವರದು ಗೇಣಿ ಬೇಸಾಯ. 1942ರಲ್ಲಿ ಸರ್ಕಾರ ಅವರನ್ನೆಲ್ಲ ಎಬ್ಬಿಸಿ ದೂರದ ಶಿಬಿರಗಳಿಗೆ ಸಾಗಿಸಿತು. ಯುದ್ಧ ಮುಗಿದ ಮೇಲೆ ಬಹುಪಾಲು ಜನ ಈ ಬಯಲಿಗೆ ಮರಳಲಿಲ್ಲ. 1962ರಲ್ಲಿ ಹೊವಾರ್ಡ್ ಹ್ಯಾನ್ಸನ್ ಅಣೆಕಟ್ಟು ಮುಗಿದು ನದಿಯ ನೆರೆ ಹತೋಟಿಗೆ ಬಂತು. ನೆರೆಯ ಭಯ ಹೋದ ನೆಲಕ್ಕೆ ಕಾರ್ಖಾನೆ, ಗೋದಾಮು ಬಂದವು. ಚಂದ್ರನ ಮೇಲೆ ಅಪೋಲೊ ಯಾತ್ರಿಗಳು ಓಡಿಸಿದ ಗಾಡಿಗಳನ್ನು ಬೋಯಿಂಗ್ ಸಿದ್ಧಪಡಿಸಿದ್ದು ಇಲ್ಲಿಯೇ. ಒಂದು ಪೀಳಿಗೆಯೊಳಗೆ ಮೆಕ್ಕಲು ಮಣ್ಣಿನ ಮೇಲೆ ಕಾಂಕ್ರೀಟು ಮುಚ್ಚಿತು.

ಹೀಗೆ ಒಳ್ಳೆಯ ಮಣ್ಣು ಗೋದಾಮುಗಳ ಕೆಳಗೆ ಹೋಯಿತು. ಮನೆಗಳು ಬಂದದ್ದು ಗುಡ್ಡದ ಮೇಲೆ. ಗುಡ್ಡದ ಮಣ್ಣು ಹಿಮನದಿ ಬಿಟ್ಟುಹೋದದ್ದು. ಮೇಲೆ ಒಂದು ಗೇಣು ಕಪ್ಪುಮಣ್ಣು, ಅದರಡಿ ಕಲ್ಲು-ಜೇಡಿ ಒತ್ತಿ ಸೇರಿ ಗುದ್ದಲಿ ಇಳಿಯದ ಪದರ. ಮಳೆಗಾಲದಲ್ಲಿ ನೀರು ಕೆಳಗಿಂಗುವುದಿಲ್ಲ, ಬೇಸಿಗೆಯಲ್ಲಿ ತೇವ ಉಳಿಯುವುದಿಲ್ಲ. ಸಾಫ್ಟ್‌ವೇರಿನ ಕನ್ನಡಿಗರು ಹೆಚ್ಚಾಗಿ ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆ ನೆಲೆಸಿದರು. ಅಲ್ಲಿನ ಬೆಲೆ ಕೈಗೆಟುಕದವರು, ದಕ್ಷಿಣದ ಕಡೆ ಕೆಲಸವಿದ್ದವರು ಕೆಂಟಿಗೆ ಬಂದೆವು. ಮನೆ ಹಳೆಯದಾದರೂ ಇಲ್ಲಿ ಹಿತ್ತಲು ದೊಡ್ಡದು. ವಿಯೆಟ್ನಾಂ, ಪಂಜಾಬ್, ಸೊಮಾಲಿಯಾ, ಉಕ್ರೇನ್, ಇಥಿಯೋಪಿಯಾದ ಜನ ಬಂದದ್ದೂ ಇದೇ ಕಾರಣಕ್ಕೆ. ಬಯಲಿನಲ್ಲಿ ನಿಂತುಹೋದ ಬೇಸಾಯ ಗುಡ್ಡದ ಹಿತ್ತಲುಗಳಲ್ಲಿ ಚೂರುಚೂರಾಗಿ ಮತ್ತೆ ಶುರುವಾಯಿತು ಎಂದರೆ ತಪ್ಪಾಗದು.

ನಮ್ಮ ಹಿತ್ತಲಿಗೆ ಬಾಳೆ ಬಂದದ್ದು ಎರಡು ಮನೆ ಆಚೆಯ ವಿಯೆಟ್ನಾಂ ಅಜ್ಜಿಯಿಂದ. ಅವರಿಗೆ ಇಂಗ್ಲಿಷ್ ಇಲ್ಲ, ನನಗೆ ಅವರ ಭಾಷೆ ಇಲ್ಲ, ನಡುವೆ ಮೊಮ್ಮಗಳು. ಮೇ ತಿಂಗಳಲ್ಲಿ ಬುಡ ಅಗೆದು, ಬೇರು ಸಮೇತ ಮೊಳಕಾಲೆತ್ತರದ ಒಂದು ಕತ್ತಿಕಂದನ್ನು ಬೇರ್ಪಡಿಸಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಅಗಲ ಎಲೆಯ ಕಂದು ಬೇಡ, ಮೊನಚು ಎಲೆಯದೇ ಆಗಬೇಕು ಎಂಬ ಆಯ್ಕೆ ನಮ್ಮ ಅಪ್ಪನದೂ ಆಗಿತ್ತು. ಅದಕ್ಕೆ ಮಾತು ಬೇಕಾಗಲಿಲ್ಲ. ಕೊಡುವಾಗ ಅಜ್ಜಿ ಮೊಮ್ಮಗಳ ಬಾಯಿಂದ ಹೇಳಿಸಿದ್ದು ಒಂದೇ: ಇದು ತಿನ್ನುವ ಬಾಳೆಯಲ್ಲ, ಎಲೆಯ ಬಾಳೆ.

ಆ ಗಿಡಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರು ಮೂಸಾ ಬಸ್ಜೂ. ಮೂಲ ದಕ್ಷಿಣ ಚೀನಾ. ಜಪಾನಿನಲ್ಲಿ ನೂರಾರು ವರ್ಷಗಳಿಂದ ಅಂಗಳದಲ್ಲಿ ಬೆಳೆಸಿಕೊಂಡು ಬಂದಿದ್ದಾರೆ. ಹೈಕು ಕವಿ ಮಾತ್ಸುವೊ ಬಾಶೊ ತನ್ನ ಹೆಸರು ಪಡೆದದ್ದು ಈ ಗಿಡದಿಂದ. ಈಗಿನ ಟೋಕಿಯೊದ ಫುಕಗಾವದಲ್ಲಿದ್ದ ಅವನ ಗುಡಿಸಲ ಮುಂದೆ ಶಿಷ್ಯನೊಬ್ಬ 1681ರಲ್ಲಿ ಒಂದು ಬಾಳೆ ನೆಟ್ಟ. ಗುಡಿಸಲಿಗೆ ಬಾಳೆಯ ಹೆಸರು ಬಂತು, ಕವಿಗೂ ಅದೇ ನಿಂತಿತು. ಗಾಳಿಗೆ ಹರಿಯುವ ಎಲೆಗಾಗಿಯೇ ಅವನು ಅದನ್ನು ಮೆಚ್ಚಿಕೊಂಡಿದ್ದ. ಅದು ಹಣ್ಣು ಕೊಡಲಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಬಸ್ಜೂವಿನ ದೊಡ್ಡಸ್ತಿಕೆ ಇರುವುದು ನೆಲದೊಳಗೆ. ನಾವು ಬಾಳೆಯ ಕಾಂಡ ಎನ್ನುವುದು ಕಾಂಡವೇ ಅಲ್ಲ, ಎಲೆಯ ಬುಡಗಳು ಒಂದರೊಳಗೊಂದು ಸುತ್ತಿಕೊಂಡದ್ದು. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಬಸ್ಜೂವಿನ ಗಡ್ಡೆ ಮೇಲೆ ದಪ್ಪ ಹೊದಿಕೆ ಇದ್ದರೆ ಗಾಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೂ ಸಾಯುವುದಿಲ್ಲ. ಕೆಂಟಿನಲ್ಲಿ ಅಷ್ಟು ಚಳಿ ಬೀಳುವುದೇ ಇಲ್ಲ. ಇಲ್ಲಿ ಅದನ್ನು ಕೊಲ್ಲಬಹುದಾದದ್ದು ನಿಂತ ನೀರು.

ಆದ್ದರಿಂದ ನೆಡುವ ಕ್ರಮವೇ ಬೇರೆ. ಊರಲ್ಲಿ ಗುಂಡಿ ತೋಡಿ ನೆಡುತ್ತೇವೆ, ಇಲ್ಲಿ ದಿಬ್ಬ ಏರಿಸಿ ನೆಡಬೇಕು. ದಕ್ಷಿಣದ ಗೋಡೆಗೆ ತಾಗಿದಂತೆ, ಉತ್ತರದ ಗಾಳಿ ಮರೆಯಾಗುವಂತೆ ಜಾಗ ಆರಿಸಿಕೊಂಡೆ. ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಹೊತ್ತು ಶಾಖ ಬಿಡುತ್ತದೆ, ಆ ಎರಡು ಡಿಗ್ರಿಯೇ ಲಾಭ. ಇಲ್ಲಿ ಮನೆಮನೆಯ ಅಡುಗೆ ಕಸ, ಹುಲ್ಲು ಒಟ್ಟುಮಾಡಿ ಗೊಬ್ಬರ ಮಾಡುವ ಸೀಡರ್ ಗ್ರೋವ್ ಎಂಬ ಘಟಕ ಪಕ್ಕದ ಮೇಪಲ್ ವ್ಯಾಲಿಯಲ್ಲಿದೆ. ಅಲ್ಲಿಂದ ತಂದ ಗೊಬ್ಬರ, ಕೋಳಿಗೊಬ್ಬರ, ಕಾಫಿ ಅಂಗಡಿಯವರು ಪುಕ್ಕಟೆ ಕೊಡುವ ಚರಟ ಎಲ್ಲ ದಿಬ್ಬಕ್ಕೆ ಸೇರುತ್ತವೆ. ಜುಲೈ, ಆಗಸ್ಟ್ ಎರಡು ತಿಂಗಳು ನೀರು ತಪ್ಪಿಸುವಂತಿಲ್ಲ. ಅಷ್ಟು ಮಾಡಿದರೆ ಆ ಬಿಸಿಲಲ್ಲಿ ವಾರಕ್ಕೊಂದು ಎಲೆ ಬಿಚ್ಚುತ್ತದೆ, ಆಳೆತ್ತರ ದಾಟುತ್ತದೆ, ಬುಡದ ಸುತ್ತ ಕಂದು ಏಳುತ್ತವೆ.

ನಿಜವಾದ ಕೆಲಸ ಶುರುವಾಗುವುದು ಅಕ್ಟೋಬರಿನಲ್ಲಿ. ಇಲ್ಲಿ ದೊಡ್ಡೆಲೆಯ ಮೇಪಲ್ ಮರ ಧಾರಾಳ. ಒಂದೊಂದು ಎಲೆ ಊಟದ ತಟ್ಟೆಗಿಂತ ಅಗಲ. ಮಳೆ ಹಿಡಿಯುವ ಮೊದಲು, ಎಲೆ ಗರಿಗರಿ ಇರುವಾಗಲೇ ಗುಡಿಸಿ ಚೀಲ ತುಂಬಿ ಗ್ಯಾರೇಜಿನಲ್ಲಿಡಬೇಕು. ಒದ್ದೆಯಾದ ಮೇಲೆ ಗುಡಿಸಿದರೆ ಅದು ಪದರಗಟ್ಟಿ ಕೊಳೆಯುತ್ತದೆ, ಹೊದಿಕೆಯಾಗುವುದಿಲ್ಲ. ಅಕ್ಕಪಕ್ಕದವರು ಅದನ್ನು ಕಸದ ಬಂಡಿಗೆ ಹಾಕುತ್ತಾರೆ; ನಾನು ಕೇಳಿ ತರುತ್ತೇನೆ. ಊರಲ್ಲಿ ದರಕು ಗುಡಿಸುವ ಕೆಲಸವನ್ನು ಗಂಡಸರು ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅದರಲ್ಲಿ ಎಷ್ಟು ಸೊಂಟನೋವು ಇದೆ, ಒಣ ಎಲೆಗೂ ಮೆತ್ತಗಿನ ಎಲೆಗೂ ಎಷ್ಟು ವ್ಯತ್ಯಾಸ ಎಂದು ಆಯಿಗೆ (ಅಮ್ಮನಿಗೆ), ಅವಳ ಓರಗೆಯವರಿಗೆ ಗೊತ್ತಿತ್ತು. ನನಗೆ ಕೈಗೆ ಬಂದು ಗೊತ್ತಾದದ್ದು ಕೆಂಟಿನಲ್ಲಿ.

ನವೆಂಬರಿನ ಮೊದಲ ಇಬ್ಬನಿಹಿಮ ಬಿದ್ದ ಬೆಳಿಗ್ಗೆ ಎಲೆಗಳೆಲ್ಲ ಜೋತು, ಮಧ್ಯಾಹ್ನಕ್ಕೆ ಕಪ್ಪಾಗುತ್ತವೆ. ಆಮೇಲೆ ಎಲೆ ಕತ್ತರಿಸಿ, ಗಿಡವನ್ನು ಎದೆಮಟ್ಟಕ್ಕೆ ಕಡಿದು, ಸುತ್ತ ತಂತಿ ಬಲೆಯ ಪಂಜರ ಕಟ್ಟಿ, ಒಳಗೆ ಒಣ ದರಕು ಒತ್ತಿ ತುಂಬುತ್ತೇನೆ. ಮೇಲೆ ತಾಡಪಾಲು, ಬದಿಗಳಲ್ಲಿ ಗಾಳಿಯಾಡಲು ಬಿಡಬೇಕು. ಮಾರ್ಚ್ ಕೊನೆಗೆ ಬಿಚ್ಚಿದಾಗ ಹೊರಗಿನ ಪಟ್ಟೆಗಳು ಕಂದುಗಟ್ಟಿ ಲೋಳೆಯಾಗಿರುತ್ತವೆ, ನಾತ ಹೊಡೆಯುತ್ತದೆ. ಹರಿತವಾದ ಚಾಕುವಿನಿಂದ ಮೇಲಿನಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಬರಬೇಕು. ಕೊಯ್ದ ಜಾಗದಲ್ಲಿ ಈರುಳ್ಳಿಯಂತೆ ಪದರ ಕಾಣುತ್ತದೆ, ಪ್ರತಿ ಪದರದಲ್ಲೂ ಗಾಳಿಯ ಸಣ್ಣ ಚೌಕದ ಕೋಣೆಗಳು. ಮೊದಲ ಬಿಲ್ಲೆಗಳಲ್ಲಿ ನಟ್ಟನಡುವೆಯೂ ಕಂದು ಬಣ್ಣ. ಇನ್ನೂ ಕೆಳಗೆ ಕೊಯ್ದಂತೆ ನಡುವಿನ ಕಂದು ಹಳದಿಗೆ ತಿರುಗಿ, ಕೊನೆಗೆ ಹೆಬ್ಬೆರಳು ಗಾತ್ರದ ಬಿಳಿ ಸುರುಳಿ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬಿಸಿಲಿರುವ ದಿನವಾದರೆ ಬೆಳಿಗ್ಗೆ ಸಮತಟ್ಟಾಗಿ ಕೊಯ್ದಿಟ್ಟ ಸುರುಳಿ ಸಂಜೆಗೆ ಸುತ್ತಲಿನ ಪಟ್ಟೆಗಿಂತ ಮೇಲೆದ್ದಿರುತ್ತದೆ, ಬೆರಳಿಟ್ಟು ನೋಡಿದರೆ ಗೊತ್ತಾಗುವಷ್ಟು. ಗಿಡ ಬದುಕಿದೆ ಎಂದು ಖಾತ್ರಿಯಾಗುವುದು ಆಗಲೇ.

ಪ್ರತಿ ವರ್ಷ ಹೀಗಾಗುವುದಿಲ್ಲ. 2008ರ ಡಿಸೆಂಬರಿನಲ್ಲಿ ಎರಡು ವಾರ ಹಿಮ ಕರಗದೆ ಬಿದ್ದಿತ್ತು. ಪಂಜರದೊಳಗಿನದೂ ನೆಲಮಟ್ಟಕ್ಕೆ ಸತ್ತಿತು. ಮೇ ನಡುವೆ ಗಡ್ಡೆಯಿಂದ ಹೊಸ ಕಂದು ಬಂತು. 2019ರ ಫೆಬ್ರವರಿಯ ಹಿಮವೂ ಹಾಗೆಯೇ. 2024ರ ಜನವರಿಯಲ್ಲಿ ಪಕ್ಕದ ಸೀಟ್ಯಾಕ್ ವಿಮಾನನಿಲ್ದಾಣದಲ್ಲಿ ಉಷ್ಣತೆ ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಕೆಳಗಿಳಿದಾಗ ಗೋಡೆಯಿಂದ ದೂರವಿದ್ದ ಗಿಡದ ಕಾಂಡ ಹೋಯಿತು, ಗೋಡೆಗಂಟಿದ್ದು ಉಳಿಯಿತು. ಇನ್ನೊಂದು ತುದಿಯನ್ನೂ ನೋಡಿದ್ದೇವೆ: 2021ರ ಜೂನ್ 28ರಂದು ಅದೇ ನಿಲ್ದಾಣದಲ್ಲಿ 42 ಡಿಗ್ರಿ ದಾಟಿತು. ಈ ಮಣ್ಣಿನವೇ ಆದ ಸೀಡರ್, ಜರೀಗಿಡಗಳು ಒಂದು ಮಗ್ಗುಲು ಸುಟ್ಟು ಕೆಂಪಾದವು. ನೀರು ಕೊಟ್ಟ ಬಾಳೆ ಅಂಚು ಒಣಗಿಸಿಕೊಂಡು ಹೊಸ ಎಲೆ ಬಿಚ್ಚಿತು. ಬಾಳೆ ಗೆದ್ದಿತೆಂದು ನನಗೆ ಖುಷಿಯೇನೂ ಆಗಲಿಲ್ಲ. ನೂರಾರು ವರ್ಷ ನಿಲ್ಲುವ ಮರಕ್ಕೆ ಸಲ್ಲದ ಹವೆ ಊರಿಗೆ ಒಳ್ಳೆಯದಲ್ಲ.

ಆಯಿ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದಳು. ಗಿಡದ ಸುತ್ತ ಒಂದು ಸುತ್ತು ಬಂದು, ಎಲೆಯ ನಡುದಂಟನ್ನು ಬೆರಳಲ್ಲಿ ಹಿಚುಕಿ ನೋಡಿ ಕೇಳಿದಳು: “ಗೊನೆ ಬಿಡದ ಬಾಳೆ ಇಟ್ಕಂಡು ಎಂತ ಮಾಡ್ತೆ ತಮಾ?” ಎಲೆಗೆ ಎಂದೆ. ಒಂದು ಎಲೆ ಕೊಯ್ಯಿಸಿ, ಒಲೆಯ ಮೇಲೆ ಎರಡೂ ಮಗ್ಗುಲು ಆಡಿಸಿ, ಬಣ್ಣ ಕಪ್ಪುಹಸಿರಿಗೆ ತಿರುಗಿ ಮೆತ್ತಗಾದ ಮೇಲೆ ಅಡ್ಡ ಮಡಚಿ ನೋಡಿದಳು. ಹರಿಯಲಿಲ್ಲ. “ಎಲೆ ತೆಳು. ಬಾಡಿಸದ್ದೆ ಬಳಸಡ,” ಎಂದಳು. ಆಮೇಲೆ ಇದ್ದಷ್ಟು ದಿನವೂ ಊಟಕ್ಕೆ ಎಲೆಯೇ. ತಟ್ಟೆ ತೊಳೆಯುವ ಯಂತ್ರ ಸುಮ್ಮನೆ ಕೂತಿತ್ತು.

ಇಲ್ಲಿ ಬಾಳೆಯ ವರ್ಷಕ್ಕೂ ನಮ್ಮ ಹಬ್ಬದ ವರ್ಷಕ್ಕೂ ತಾಳೆ ಇಲ್ಲ. ವರಮಹಾಲಕ್ಷ್ಮಿ, ಗೌರಿ-ಗಣೇಶಕ್ಕೆ ಗಿಡ ಮೈತುಂಬಿ ನಿಂತಿರುತ್ತದೆ. ಮಂಟಪಕ್ಕೆ ಕಂಬ, ಊಟಕ್ಕೆ ಎಲೆ ಎರಡೂ ಇದೆ. ನವರಾತ್ರಿ ಹೇಗೋ ನಡೆಯುತ್ತದೆ. ದೀಪಾವಳಿ ಬೇಗ ಬಂದ ವರ್ಷ ಎಲೆ ಸಿಕ್ಕೀತು, ತಡವಾದರೆ ಹಿಮ ಮೊದಲು ಬಂದಿರುತ್ತದೆ. ಯುಗಾದಿಗಂತೂ ಪಂಜರ ಬಿಚ್ಚಿದ ಬೋಳುಗಿಡ. ಇದಕ್ಕೆ ದಾರಿ ತೋರಿಸಿದವರೂ ಆ ವಿಯೆಟ್ನಾಂ ಅಜ್ಜಿಯೇ. ಅವರ ಹೊಸವರ್ಷ ತೆತ್ ಬರುವುದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ. ಎಲೆಯಲ್ಲಿ ಅಂಟಕ್ಕಿ ಕಟ್ಟಿ ಬೇಯಿಸದೆ ಆ ಹಬ್ಬ ಆಗುವುದಿಲ್ಲ. ಅವರು ಅಕ್ಟೋಬರಿನಲ್ಲಿ, ಹಿಮ ಬೀಳುವ ಮೊದಲೇ ಹರಿಯದ ಎಲೆ ಆರಿಸಿ ಕೊಯ್ದು, ಒದ್ದೆ ಬಟ್ಟೆಯಿಂದ ಒರೆಸಿ, ದಂಟು ಸೀಳಿ ತೆಗೆದು, ಮಡಚದೆ ಸುರುಳಿ ಸುತ್ತಿ ಫ್ರೀಜರಿಗೆ ಹಾಕುತ್ತಿದ್ದರು. ಸುರುಳಿ ಸುತ್ತಿದರೆ ಮಡಿಕೆಯ ಕಪ್ಪು ಗೆರೆ ಬೀಳುವುದಿಲ್ಲ. ಈಗ ನಮ್ಮ ಯುಗಾದಿಯ ಎಲೆಯೂ ಹಾಗೆಯೇ ಬರುತ್ತದೆ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಂದರೆ ಬೇರೆ ಊರುಗಳ ಕನ್ನಡಿಗರೂ ಕಂಬಕ್ಕೆ ಫೋನು ಮಾಡುತ್ತಾರೆ. ಬೇಸಿಗೆಯಲ್ಲಿ ಮುಹೂರ್ತ ಇಟ್ಟವರಿಗೆ ಕೊಡುತ್ತೇನೆ.

ಹಣ್ಣಿನ ವಿಷಯ ನೇರವಾಗಿ ಹೇಳಬೇಕು. ಬಾಳೆ ಹೂ ಬಿಡುವ ಮೊದಲು ಸಾಮಾನ್ಯವಾಗಿ ಮೂವತ್ತು-ನಲವತ್ತು ಎಲೆ ಬಿಚ್ಚುತ್ತದೆ. ಕೆಂಟಿನ ಒಂದು ಬೇಸಿಗೆಗೆ ಅಷ್ಟು ಎಲೆ ಆಗುವುದಿಲ್ಲ. ಚಳಿಗಾಲದಲ್ಲಿ ಕಾಂಡ ಉಳಿದು ಎಲೆಯ ಲೆಕ್ಕ ಮುಂದುವರಿದರೆ ಮಾತ್ರ ಹೂ. ನಮ್ಮಲ್ಲೂ ಹೂ ಬಂದದ್ದುಂಟು. ಬೆರಳುದ್ದದ ಹಸಿರು ಕಾಯಿ ಕಟ್ಟಿ, ಅಕ್ಟೋಬರಿನ ಚಳಿಗೆ ಅಲ್ಲಿಗೇ ನಿಂತವು. ಬಲಿತರೂ ಬಸ್ಜೂವಿನ ಕಾಯಲ್ಲಿ ಬೀಜವೇ ಹೆಚ್ಚು, ತಿನ್ನಲು ಬರುವುದಿಲ್ಲ. ದಿಂಡಿನ ಆಸೆಯೂ ಬೇಡ. ಪಲ್ಯಕ್ಕೆ ಬಳಸುವ ದಿಂಡು ಎಂದರೆ ಗೊನೆ ಬರುವಾಗ ಗಡ್ಡೆಯಿಂದ ಮೇಲೇರುವ ಹೂವಿನ ದಂಟು. ಹೂ ಬಿಡದ ಗಿಡದಲ್ಲಿ ಅದು ಇರುವುದೇ ಇಲ್ಲ. ಉತ್ತರ ಕರ್ನಾಟಕದ ಕಡೆ ಬೆಳೆಯುವ ರಾಜಾಪುರಿ ಬಾಳೆಯನ್ನು ಅಮೆರಿಕದ ನರ್ಸರಿಗಳು ಚಳಿ ತಡೆಯುವ ಗಿಡ್ಡ ತಳಿಯೆಂದು ಮಾರುತ್ತವೆ. ದಕ್ಷಿಣದ ಫ್ಲಾರಿಡಾದಂಥ ಕಡೆ ಅದು ಹಣ್ಣು ಕೊಡುತ್ತದೆ. ಕೆಂಟಿನಲ್ಲಿ ಅದನ್ನು ಕುಂಡದಲ್ಲಿ ನೆಟ್ಟು, ಚಳಿಗಾಲವಿಡೀ ಮನೆಯೊಳಗಿಟ್ಟು ಸಾಕಬೇಕು. ಎಂಟು-ಒಂಬತ್ತು ಗಂಟೆಯ ಮಂಕು ಹಗಲಿನಲ್ಲಿ ಅದು ಸೊರಗುತ್ತ ಸಾಗುತ್ತದೆ. ಅಷ್ಟು ಹೆಣಗಾಡಿ ಪಡೆಯುವ ಒಂದು ಚಿಪ್ಪಿಗಾಗಿ ನಾನು ಆ ದಾರಿ ಹಿಡಿಯಲಿಲ್ಲ.

ಹಣ್ಣೇ ಬಾಳೆಯ ಕೊನೆಯ ಮಾತು ಎಂದು ಎಲ್ಲ ಜನರೂ ಎಣಿಸಿಲ್ಲ. ಇಥಿಯೋಪಿಯಾದ ದಕ್ಷಿಣದವರು ಎನ್ಸೆಟ್ ಎಂಬ, ಬಾಳೆಯದೇ ಕುಲದ ಗಿಡದ ಗಡ್ಡೆ ಮತ್ತು ಪಟ್ಟೆಯನ್ನು ಹೆರೆದು, ಹುಗಿದು ಹುಳಿಸಿ ರೊಟ್ಟಿ ಮಾಡುತ್ತಾರೆ. ಲಕ್ಷಾಂತರ ಜನರ ದಿನದ ಊಟ ಅದು. ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆ ಅದರ ಹತ್ತಿರದ ನಂಟ. ಓಕಿನಾವಾ ದ್ವೀಪದವರು ಬಾಳೆಯ ಇನ್ನೊಂದು ಜಾತಿಯ ನಾರಿನಿಂದ ಬಟ್ಟೆ ನೇಯುತ್ತಾರೆ. ಗೊನೆಯೊಂದನ್ನೇ ಕಣ್ಣಿಟ್ಟು ನೋಡಿದರೆ ಇವೆಲ್ಲ ಬಂಜೆಗಿಡಗಳೆಂದು ತೋರಬಹುದು. ಬೆಳೆಸುವವರ ಕಣ್ಣಿಗೆ ಹಾಗಿಲ್ಲ.

ಊರಿನ ಇಂದಿನ ಸ್ಥಿತಿಯನ್ನೂ ಹೇಳಬೇಕು. ಕಳೆದ ಸಲ ಹೋದಾಗ ನಮ್ಮ ತೋಟದಲ್ಲಿ ಬಾಳೆ ಬೆರಳೆಣಿಕೆಯಷ್ಟು. ಮಂಗನ ಕಾಟ. ಕಾಯಿ ಬಲಿಯುವುದಿರಲಿ, ಕುಂಡಿಗೆಯನ್ನೂ ಬಿಡುವುದಿಲ್ಲ, ಎಳೆಯ ಗಿಡ ಸೀಳಿ ತಿರುಳು ತಿನ್ನುತ್ತವೆ. ತಮ್ಮ ಹೊಸ ಕಂದು ನೆಡುವುದನ್ನೇ ನಿಲ್ಲಿಸಿದ್ದಾನೆ. ದರಕು ಗುಡಿಸಲು ಆಳು ಸಿಗುವುದಿಲ್ಲ, ಮನೆಯಲ್ಲಿ ಉಳಿದವರಿಗೆ ವಯಸ್ಸಾಗಿದೆ. ಬಯಲುಸೀಮೆಯಲ್ಲಿ ಬಾಳೆ ಹೆಚ್ಚಿದೆ, ಆದರೆ ಅಂಗಾಂಶ ಕೃಷಿಯ ಜಿ-9 ಒಂದೇ ತಳಿ ಎಕರೆಗಟ್ಟಲೆ. ಪನಾಮ ರೋಗಕ್ಕೆ ನಂಜನಗೂಡಿನ ರಸಬಾಳೆ ಸೊರಗಿಹೋಗಿ, ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಹೆಸರಿದ್ದರೂ ತೋಟದಲ್ಲಿ ಗಿಡ ಅಪರೂಪ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಎಲೆಯ ಕಟ್ಟುಗಳು ತಮಿಳುನಾಡಿನಿಂದಲೂ ಬರುತ್ತವೆ. ಶಿರಸಿಯ ನಮ್ಮ ಮನೆಯ ತಿಥಿಯೂಟಕ್ಕೆ ತಮ್ಮ ಪೇಟೆಯಿಂದ ಎಲೆ ತಂದ ದಿನ, ಕೆಂಟಿನ ನನ್ನ ಫ್ರೀಜರಿನಲ್ಲಿ ಎಲೆ ಇತ್ತು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ತಮ್ಮ ಮಂಗಗಳೊಂದಿಗೆ ಗುದ್ದಾಡಿ ಸೋತಿದ್ದಾನೆ, ನನಗಿಲ್ಲಿ ಮಂಗಗಳಿಲ್ಲ.

ಎರಡೂ ಕಡೆ ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಬಾಳೆ ತನ್ನಷ್ಟಕ್ಕೆ ಬೆಳೆಯುವ ಗಿಡ ಎಂಬ ಮಾತು ಊರಲ್ಲೂ ನಿಜವಾಗಿರಲಿಲ್ಲ. ಅಲ್ಲಿ ಅದಕ್ಕೆ ದುಡಿದವರ ದುಡಿಮೆ ಅಡಿಕೆಯ ಲೆಕ್ಕಕ್ಕೆ ಹೋಗಿ ಕಾಣದೆ ಉಳಿಯಿತು. ಆ ದುಡಿಮೆ ನಿಂತ ಕೂಡಲೇ, ಹವೆ ಅದೇ ಇದ್ದರೂ, ಬಾಳೆಯೂ ಹಿಂಜರಿಯಿತು. ಇಲ್ಲಿ ಹವೆ ಒಲ್ಲದಿದ್ದರೂ ದುಡಿಮೆ ಇದೆ, ಹಾಗಾಗಿ ಎಲೆ ಇದೆ. ದುಡಿಮೆಗೂ ಒಂದು ಎಲ್ಲೆಯಿದೆ. 47ನೇ ಅಕ್ಷಾಂಶದಲ್ಲಿ ಎಷ್ಟೇ ದರಕು ಹೊದಿಸಿದರೂ ಏಲಕ್ಕಿಬಾಳೆಯ ಗೊನೆ ಇಳಿಯುವುದಿಲ್ಲ. ಆ ಎಲ್ಲೆಯೊಳಗೆ ಗಿಡ ಏನು ಕೊಡಬಲ್ಲದೋ ಅದನ್ನು ಪೂರ್ತಿ ಪಡೆಯುವುದು ಬೇಸಾಯ.

ಈಗ ಕೆಂಟಿಗೆ, ಪಕ್ಕದ ಕವಿಂಗ್ಟನ್‌ಗೆ ಹೊಸದಾಗಿ ಬರುವ ಕನ್ನಡದ ಹುಡುಗರು ಗಿಡ ನೋಡಿ ಮೊದಲು ಕೇಳುವುದು ಹಣ್ಣು ಬಿಡುತ್ತದೆಯೇ ಎಂದು. ಇಲ್ಲ ಎಂದಾಗ ಅರ್ಧ ಜನರ ಆಸಕ್ತಿ ಅಲ್ಲಿಗೆ ಮುಗಿಯುತ್ತದೆ, ಅದರಲ್ಲಿ ತಪ್ಪಿಲ್ಲ. ಉಳಿದರ್ಧಕ್ಕೆ ಮೇ ತಿಂಗಳಲ್ಲಿ ಬಂದು ಕಂದು ಒಯ್ಯಲು ಹೇಳುತ್ತೇನೆ. ಕೊಡುವಾಗ ಕೇಳುವುದು ಎರಡೇ: ನೀರು ನಿಲ್ಲದ ದಿಬ್ಬ ಇದೆಯೇ, ಅಕ್ಟೋಬರಿನಲ್ಲಿ ಮಳೆ ಹಿಡಿಯುವ ಮೊದಲು ದರಕು ಗುಡಿಸಲು ತಯಾರಿದ್ದೀರಾ. ಎರಡಕ್ಕೂ ಹೌದು ಎಂದವರಿಗೆ ಕಂದಿನ ಜೊತೆ ಎರಡು ಚೀಲ ಒಣ ಮೇಪಲ್ ಎಲೆಯನ್ನೂ ಕೊಡುತ್ತೇನೆ. ಮೊದಲ ವರ್ಷಕ್ಕೆ ಅಷ್ಟು ಸಾಕು, ಮುಂದಿನದನ್ನು ಅವರೇ ಗುಡಿಸಬೇಕು.